ಬೇರೇನೂ ಮುಟ್ಟಬೇಡಿ

ಆತನಿಗಿದ್ದ ಕಡುದುಃಖವೆಂದರೆ, ಹೆಂಡತಿ ಅವನ ಉದ್ಯೋಗವನ್ನು ನೆಂಟರಿಗೆ ವಿವರಿಸುವ ರೀತಿ. "ಕಂಪ್ಯೂಟರಿಗೆ ಚೀಟಿ ಬರೀತಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಎಐ ಏಜೆಂಟ್ ಎಂಬ ಯಂತ್ರ ಗುಮಾಸ್ತನ ಕೈಗೆ ಒಂದೊಂದು ಉಪಕರಣ ಕೊಟ್ಟು, ಅದು ಏನು ಮಾಡುತ್ತದೆ, ಯಾವಾಗ ಬಳಸಬೇಕು ಎಂದು ವಿವರಣೆ ಬರೆಯುವ ಘನಕಾರ್ಯ ಅವನದು. ಗುಮಾಸ್ತ ಆ ವಿವರಣೆಯನ್ನು ನಂಬಿಯೇ ಊರವರ ಕೆಲಸಗಳ ಪಟ್ಟಿಯನ್ನು ತಿದ್ದುತ್ತಾನೆ. ಅಂಥದ್ದನ್ನು ಚೀಟಿ ಎನ್ನುವುದೇ? (ಅದು ಚೀಟಿಯೇ. ಆದರೆ ಹೆಂಡತಿ ಹೇಳಬಾರದು.)

ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವಳ ಅತ್ತೆ, ಅಂದರೆ ನಮ್ಮ ನಾಯಕನ ತಾಯಿ, ಕಿಟಕಿಯ ಪಕ್ಕ ಕೂತು ಗುಂಡಿ ಹಚ್ಚುವುದು, ಅಂಚು ಹೊಲಿಯುವುದು, ಬಂದವರ ಸಂಸಾರ ವಿಚಾರಿಸುವುದು ಎಂಬ ಮೂರು ಖಾತೆಗಳನ್ನು ನಿಭಾಯಿಸುತ್ತಿದ್ದರು. ಅಳತೆ ಪುಸ್ತಕದ ಹಾಳೆಗಳು ಉದುರುವುದನ್ನು ನೋಡಿ ನಮ್ಮವನಿಗೆ ಒಂದು ಭಾನುವಾರ ಜ್ಞಾನೋದಯವಾಯಿತು. ಅಳತೆಗಳನ್ನೆಲ್ಲ ಫೋನಿಗೆ ಏರಿಸಿ, ಪುಸ್ತಕವನ್ನು ರದ್ದಿಗೆ ಹಾಕಿ, ಒಬ್ಬ ಯಂತ್ರ ಗುಮಾಸ್ತನನ್ನು ನೇಮಿಸಿಯೇಬಿಟ್ಟ.

"ಇನ್ನು ನೀನು ಬಾಯಲ್ಲಿ ಹೇಳಿದ್ರೆ ಸಾಕು ಕಣೇ. ಅವನೇ ತಿದ್ಕೋತಾನೆ."

"ಅವನಿಗೆ ಕೆಲಸ ಕಲಿಸಿದ್ದು ಯಾರು?"

"ನಾನೇ."

"ಅದಕ್ಕೇ ಸ್ವಲ್ಪ ಭಯ" ಎಂದಳು ಅವಳು.

ಆ ವಾರವೇ ಒಂದು ಹಾಡುವ ತಂಡಕ್ಕೆ ಇಪ್ಪತ್ನಾಲ್ಕು ಕೋಟು ಹೊಲಿದುಕೊಡಬೇಕಿತ್ತು. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು. ಕೆಟ್ಟರೆ ಮುಂದೆ ಯಾರೂ ಆ ಬಾಗಿಲು ತುಳಿಯುವುದಿಲ್ಲ. ಗುರುವಾರ ತಂಡದ ನಾಯಕಿ ಫೋನ್ ಮಾಡಿ, ಶನಿವಾರ ಸಂಜೆಯ ಬದಲು ಬೆಳಗ್ಗೆ ಹತ್ತಕ್ಕೇ ಕೋಟು ಬೇಕು ಎಂದರು. ಹೆಂಡತಿ ಗುಮಾಸ್ತನಿಗೆ ಹೇಳಿದಳು. "ತಿದ್ದಿದ್ದೇನೆ" ಎಂದ ಅವನು, ಬಲು ವಿನಯದಿಂದ. ತೋಳಿನ ಉದ್ದ ನೋಡೋಣವೆಂದು ಪಟ್ಟಿ ತೆರೆದರೆ, ಇಪ್ಪತ್ನಾಲ್ಕು ಹೆಸರುಗಳ ಮುಂದೂ "ಶನಿವಾರ ಬೆಳಗ್ಗೆ ಹತ್ತು" ಎಂದಷ್ಟೇ ಇತ್ತು. ಎದೆ, ಭುಜ, ತೋಳು ಎಲ್ಲ ಮಂಗಮಾಯ.

ನಮ್ಮವನು ಕಚೇರಿಯಿಂದ ಬಂದಾಗ ಅವಳು ಕೂಗಾಡಲಿಲ್ಲ. ಅವನು ಹೆದರಿದ್ದು ಅದಕ್ಕೇ.

"ನಿಮ್ಮ ಗುಮಾಸ್ತನಿಗೆ ಬರ್ಕೊಟ್ಟಿದ್ದನ್ನ ಓದಿ."

"'ಕೆಲಸ ತಿದ್ದುವ ಉಪಕರಣ. ಇದು ಕೆಲಸವನ್ನು ತಿದ್ದುತ್ತದೆ.'"

"ಮುಂದೆ?"

"ಅಷ್ಟೇ."

"ಕತ್ತರಿ ಅಂದ್ರೆ ಕತ್ತರಿಸೋದು ಅಂದ ಹಾಗಾಯ್ತು. ಯಾವುದನ್ನ, ಎಲ್ಲೀ ತನಕ ಅಂತ ಬೇಡ್ವೇನ್ರೀ?"

ಆ ಉಪಕರಣ ಹಳೆಯದನ್ನು ಪೂರಾ ಅಳಿಸಿ, ಕೊಟ್ಟದ್ದನ್ನಷ್ಟೇ ಬರೆಯುವಂಥದ್ದು. ಆ ಮುಖ್ಯ ಮಾತನ್ನೇ ಅವನು ಗುಮಾಸ್ತನಿಗೆ ಹೇಳಿರಲಿಲ್ಲ. ಅದನ್ನು ಒಪ್ಪಿಕೊಳ್ಳುವಾಗ ಅವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ಅತ್ತೆಗೆ ಅಂತ ಬರ್ದು ಬಟ್ಟೆ ಜೊತೆ ಇಟ್ಟ ಚೀಟಿಗಳಾದ್ರೂ ಇದ್ದಿದ್ರೆ..." ಎಂದಳು ಹೆಂಡತಿ. "ಅವೂ ಗುಡಿಸಿ ಹೋಗಿರ್ತವೆ."

"ಯಾಕಮ್ಮಾ ಗುಡಿಸ್ತಾರೆ?" ಎಂದು ಅತ್ತೆ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. "ಎಸೀಬೇಡಿ ಅಂತ ನೀನೇ ಬರೆದಿದ್ದೀಯಲ್ಲ."

ಡಬ್ಬಿಯಲ್ಲಿ ಇಪ್ಪತ್ನಾಲ್ಕು ಚೀಟಿಗಳಿದ್ದವು. ನಮ್ಮವನು ಒಂದನ್ನು ಓದಿದ. ಮೇಲೆ ಪೂರ್ತಿ ಅಳತೆ. ಕೆಳಗೆ: "ತೋಳು ಎರಡು ಬೆರಳು ಗಿಡ್ಡ ಮಾಡಿ. ಬೇರೇನೂ ಮುಟ್ಟಬೇಡಿ. ಅನುಮಾನ ಬಂದರೆ ಊಹಿಸಬೇಡಿ, ಕೇಳಿ. ನಾನು ನೋಡಿ ಒಪ್ಪುವ ತನಕ ಮುಗಿಯಿತು ಅನ್ನಬೇಡಿ, ಚೀಟಿ ಎಸೆಯಬೇಡಿ."

(ಹಿಂದೊಮ್ಮೆ "ಈ ಅಂಗಿ ಸರಿಮಾಡಿ" ಎಂದಷ್ಟೇ ಹೇಳಿದ್ದಕ್ಕೆ ಅತ್ತೆ ಜೇಬನ್ನೇ ಕಿತ್ತುಹಾಕಿದ್ದರು. ಅಂದಿನಿಂದ ಈ ಚೀಟಿಗಳು.)

ಅವನು ಅದನ್ನು ಮೂರು ಸಲ ಓದಿದ. ಕಚೇರಿಯಲ್ಲಿ ಆರು ಜನ ಪಂಡಿತರು ಮೂರು ತಿಂಗಳಿಂದ ಸಭೆ ಸೇರಿ ಹುಡುಕುತ್ತಿದ್ದ ವಿವರಣೆಯ ಮಾದರಿ ತನ್ನ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅವನಿಗೆ ಹೆಂಡತಿಯ ಮೇಲೆ ನಿಜವಾಗಿ ಹೆಮ್ಮೆಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

"ನೀನು ನನಗಿಂತ ಚೆನ್ನಾಗಿ ಬರೀತೀಯ ಕಣೇ."

"ಹೊಗಳಿದ್ದು ಸಾಕು. ಅಳತೆ ಓದ್ತಾ ಹೋಗಿ."

ಶನಿವಾರ ಹತ್ತಕ್ಕೆ ಐದು ನಿಮಿಷವಿರುವಾಗ ಇಪ್ಪತ್ನಾಲ್ಕು ಕೋಟುಗಳು ಹೊಸ್ತಿಲು ದಾಟಿದವು. ನಾಯಕಿ ಅಲ್ಲೇ ತೊಟ್ಟು ನೋಡಿ, ಮುಂದಿನ ವರ್ಷದ್ದೂ ನಿಮಗೇ ಎಂದು ಹೇಳಿ ಹೋದರು. ನಮ್ಮವನು ಉಪಕರಣವನ್ನು ಸರಿಪಡಿಸಿ, ಅದರ ವಿವರಣೆಯಲ್ಲಿ ಹೆಂಡತಿಯ ಮಾತುಗಳನ್ನು ಚಾಚೂ ತಪ್ಪದೆ ಬರೆದ. ಕಚೇರಿಯಲ್ಲೂ ಅದನ್ನೇ ತೋರಿಸಿದ. "ಬರೆದದ್ದು ನನ್ನ ಹೆಂಡತಿ" ಎಂದೂ ಹೇಳಿದ (ಎರಡನೇ ಸಲ ಕೇಳಿದಾಗ). ಮೇಲಧಿಕಾರಿ ಇಡೀ ವಿಭಾಗಕ್ಕೆ ಅದನ್ನು ಕಳಿಸಿದರು.

ಆ ಹುಮ್ಮಸ್ಸಿನಲ್ಲಿ ಅವನು ಮನೆಗೆಲಸಗಳನ್ನೂ ಪಟ್ಟಿಗೆ ಸೇರಿಸಿದ. ಅದರಲ್ಲಿ ಅಡುಗೆಮನೆಯ ನಲ್ಲಿಯೂ ಇತ್ತು. ಹದಿನೈದು ದಿನದಿಂದ ತೊಟ್ಟಿಕ್ಕುತ್ತಿದ್ದ ಆ ನಲ್ಲಿ ಹೆಂಡತಿ ಅವನಿಗೆ ಹೇಳಿದ್ದ ಕೆಲಸ. ಮುಂದಿನ ಭಾನುವಾರ ಸೋಫಾದ ಮೇಲೆ ಪವಡಿಸಿದವನು ಫೋನಿಗೆ ಮೆಲ್ಲಗೆ ಹೇಳಿದ: "ನಲ್ಲಿ ರಿಪೇರಿ ಮುಗಿಯಿತು ಅಂತ ಬರಿ."

"ಕ್ಷಮಿಸಿ" ಎಂದ ಗುಮಾಸ್ತ, ಮನೆಯೆಲ್ಲ ಕೇಳುವಂತೆ. "ಹೇಳಿದವರು ನೋಡಿ ಒಪ್ಪುವ ತನಕ ಹಾಗೆ ಬರೆಯುವಂತಿಲ್ಲ. ಅನುಮಾನ ಬಂದದ್ದರಿಂದ ಅಮ್ಮಾವ್ರಿಗೆ ಸಂದೇಶ ಕಳಿಸಿ ಕೇಳಿದೆ. ಇನ್ನೂ ತೊಟ್ಟಿಕ್ಕುತ್ತಿದೆಯಂತೆ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಒಂದು ಚೀಟಿ ಹಿಡಿದು ನಗುತ್ತಾ ಬಂದಳು. ಹಿಂದೆಯೇ ಬಂದ ಅತ್ತೆ ಗುಂಡುಸೂಜಿ ಕೊಟ್ಟರು. ಮಗನ ಅಂಗಿಗೆ ಚೀಟಿ ಚುಚ್ಚುವಾಗ ಬಟ್ಟೆಯನ್ನು ಎಳೆದು ಹಿಡಿದವರೂ ಅವರೇ.

"ನಲ್ಲಿಯ ವಾಷರ್ ಬದಲಾಯಿಸಿ" ಎಂದಿತ್ತು ಅದರಲ್ಲಿ. "ಬೇರೇನೂ ಮುಟ್ಟಬೇಡಿ."