ಉಪವಾಸ ಹಿಡಿದ ಗಿಡ, ಮೂರು ಕಂಪ್ಲೇಂಟು

ಮೊದಲು ಒಂದು ಒಗಟು ಬಿಡಿಸಿ. ಕುಂಡದಲ್ಲೊಂದು ಗಿಡ. ನೀರು ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಬೆಳಕು ಬೇಕಾದಷ್ಟಿದೆ. ಗೊಬ್ಬರ ಸರಿ, ಹುಳ ಇಲ್ಲ, ಬೇರು ಗಟ್ಟಿ. ಆದರೂ ನಿನ್ನೆ ಹಸಿರಿದ್ದ ಎಲೆ ಇವತ್ತು ಹಳದಿ. ಯಾಕೆ?

ಬಿಡಿ, ನಿಮ್ಮಿಂದ ಆಗಲ್ಲ. ಬಿಎಸ್ಸಿ ಮಾಡಿದವರಿಂದಲೇ ಆಗಿಲ್ಲ. ಉತ್ತರ ಕೊನೆಗೆ ಹೇಳ್ತೇನೆ.

ನನ್ನ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮ ಸೋದರಮಾವನ ನರ್ಸರಿ ಇದೆ. ಆಫೀಸು, ಹೋಟೆಲು, ಬಿಲ್ಡಿಂಗುಗಳಿಗೆ ಗಿಡಗಳನ್ನು ಬಾಡಿಗೆಗೆ ಕೊಡುತ್ತೇವೆ. ವಾರಕ್ಕೊಮ್ಮೆ ಹೋಗಿ, ಹಳದಿ ಎಲೆ ಕಂಡರೆ ರೋಗ ಹಿಡಿದು ಗುಣ ಮಾಡುವ ಡಾಕ್ಟರು ನಾನು. ಒಂಬತ್ತನೇ ಕ್ಲಾಸು ಫೇಲಾದ ಡಾಕ್ಟರು. ನನ್ನ ಸ್ಟೆಥಾಸ್ಕೋಪು ಈ ತೋರುಬೆರಳು. ಮಣ್ಣಿನಲ್ಲಿ ಎರಡು ಗೆಣ್ಣು ಇಳಿಸಿದರೆ ಗಿಡದ ಮನೆಯ ಜಗಳವೆಲ್ಲ ಗೊತ್ತಾಗುತ್ತದೆ.

ಆದರೆ ಮಾವ ಒಂದು ಷರತ್ತು ಹಾಕಿದ್ದ. "ನೋಡಪಾ, ನಿನ್ನ ಮ್ಯಾಲ ಮೂರು ಕಂಪ್ಲೇಂಟ್ ಬಂದ್ವು ಅಂದ್ರ, ಸೀದಾ ಕನ್ನಡ ಶಾಲಿಗೆ ಒಯ್ದು ಮತ್ತ ಒಂಬತ್ತನೇ ಕ್ಲಾಸಿನಾಗ ಕುಂದರಸ್ತೀನಿ."

ಶಾಲೆಗೆ ಹೆದರುವ ಮಗನೇ ಅಲ್ಲ ನಾನು. ಆದರೆ ನನ್ನ ತಂಗಿ ಈಗ ಅದೇ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಮಾನಿಟರು ಬೇರೆ.

೧. ಉಪವಾಸ

ಗೋರೆಗಾಂವಿನ ಒಂದು ಆಫೀಸು. ಬಾಗಿಲ ಹತ್ತಿರ ನಮ್ಮ ಗಿಡ, ಕೆಳಗಿನ ಎಲೆಗಳೆಲ್ಲ ಹಳದಿ. ಅಲ್ಲಿಯ ಸಾಹೇಬ ಫೋನು ತೆಗೆದು ಎಲೆಯ ಫೋಟೊ ಹೊಡೆದು, "ಆ್ಯಪ್ ಬೋಲ್ತಾ ಹೈ, ಐರನ್ ಕಮ್ ಹೈ" ಅಂದ. ಕಬ್ಬಿಣದ ಅಂಶ ಕಡಿಮೆಯಂತೆ.

ನಾನು ಬೆರಳಿಳಿಸಿದೆ. ಪಚ್ ಅಂತು. ಬರೀ ಕೆಸರು. "ಸರ್, ಐರನ್ ಅಲ್ಲ, ನೀರು ಜಾಸ್ತಿ. ಬೇರಿಗೆ ಉಸಿರು ಕಟ್ಟಿದೆ."

"ಕಿತ್ನಾ ಪಢಾ ಹೈ?" ಎಷ್ಟು ಓದಿದ್ದೀಯ ಅಂತ ಕೇಳಿದ.

"ನೌವೀ ಫೇಲ್."

ನಕ್ಕುಬಿಟ್ಟ. ಮುಂದಿನ ವಾರ ಹೋದರೆ ಮಣ್ಣಿನೊಳಗೆ ಒಂದು ಡಬ್ಬಿ ಗುಂಡುಸೂಜಿ ಹೂತಿದ್ದ, ಐರನ್ನಿಗೆ.

ನೀರು ಹಾಕುತ್ತಿದ್ದವರು ಯಾರು? ಎಲ್ಲರೂ! ಲೋಕಲ್ ಟ್ರೇನು ಹಿಡಿಯಲು ಓಡುವ ಮೊದಲು ಬ್ಯಾಗು ಹಗುರಾಗಲಿ ಅಂತ ಬಾಟಲಿಯಲ್ಲಿ ಉಳಿದದ್ದನ್ನು ಗಿಡಕ್ಕೆ ಸುರಿಯುವುದು, ಜೊತೆಗೆ ಪುಣ್ಯ ಕಟ್ಟಿಕೊಳ್ಳುವುದು. "ನೀರು ಹಾಕಬೇಡಿ" ಅಂತ ಹಿಂದಿಯಲ್ಲಿ ಚೀಟಿ ಅಂಟಿಸಿದೆ. ಮುಂಬಯಿಯಲ್ಲಿ "ಬೇಡಿ" ಅಂತ ಬರೆದದ್ದನ್ನು ಯಾರು ಓದುತ್ತಾರೆ? ಅದನ್ನು ಕಿತ್ತು ಬೇರೆ ಬರೆದೆ: "ಈ ಗಿಡಕ್ಕೆ ಉಪವಾಸ. ವ್ರತ ಕೆಡಿಸಬಾರದು."

ಒಂದು ಹನಿ ಹಾಕಲಿಲ್ಲ ಯಾರೂ! ಕೆಲವರು ಹಾದುಹೋಗುವಾಗ ಮೆತ್ತಗೆ ನಡೆಯುತ್ತಿದ್ದರಂತೆ. ಎರಡು ವಾರದಲ್ಲಿ ಹೊಸ ಎಲೆ ಬಂತು. ಆದರೂ ಸಾಹೇಬ ಮಾವನಿಗೆ ಕಂಪ್ಲೇಂಟ್ ಕೊಟ್ಟ, ಕುಂಡದ ತುಂಬ ನೊಣ ಅಂತ. ಹೋಗಿ ನೋಡಿದೆ. ಯಾರೋ ಪುಣ್ಯಾತ್ಮರು ದಿನಾ ಒಂದೊಂದು ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಉಪವಾಸಕ್ಕೆ ಹಣ್ಣು ನಡೆಯುತ್ತದಲ್ಲ!

೨. ಸಾಕ್ಷಿ

ಕುರ್ಲಾ ಸ್ಟೇಷನ್ ಹತ್ತಿರ ಒಂದು ಹೋಟೆಲು. ಧಣಿ ಉಡುಪಿ ಕಡೆಯವರು. ಗಲ್ಲಾದ ಪಕ್ಕದಲ್ಲಿ ನಮ್ಮ ಮನಿಪ್ಲಾಂಟು, ಎಲೆಯ ಅಂಚೆಲ್ಲ ಹಳದಿ.

"ಎಂತದು ಮಾರಾಯ, ಕಾಮಾಲೆಯ ಗಿಡ ಕೊಟ್ಟಿದ್ದೀಯಾ ನಮಗೆ?"

ಬೆರಳಿಳಿಸಿ ಮೂಸಿದೆ. ನಿಂಬೆ ವಾಸನೆ, ಮೇಲೊಂದಿಷ್ಟು ಜಿಡ್ಡು. "ಧಣಿ, ಗಿರಾಕಿಗಳು ಕೈ ತೊಳೆಯುವ ಬಟ್ಟಲಿನ ನೀರು ಇದರಲ್ಲೇ ಬೀಳ್ತಿದೆ. ನಿಂಬೆ, ಸಾಂಬಾರು, ತುಪ್ಪ. ಯಾವ ಬೇರು ತಡೆದೀತು?"

"ನನ್ನ ಹೋಟ್ಲಲ್ಲಿ? ಸಾಧ್ಯವೇ ಇಲ್ಲ. ಸಾಕ್ಷಿ ಉಂಟಾ?"

"ಕೂತು ಹಿಡೀತೇನೆ."

ಬರೀ ಕೂತರೆ ವೇಟರುಗಳಿಗೆ ಸಂಶಯ ಬರುತ್ತದಲ್ಲ? ಗಿರಾಕಿಯ ಹಾಗೆ ಕೂರಬೇಕು. ಮಸಾಲೆ ದೋಸೆ ತಿಂದೆ. ಯಾರೂ ಚೆಲ್ಲಲಿಲ್ಲ. ನೀರುದೋಸೆ ತಿಂದೆ. ಯಾರೂ ಚೆಲ್ಲಲಿಲ್ಲ. ಗೋಳಿಬಜೆಯ ಎರಡನೇ ಪ್ಲೇಟಿಗೆ ಧಣಿಯ ಮುಖ ಗಿಡಕ್ಕಿಂತ ಹಳದಿಯಾಗಿತ್ತು. ನನ್ನನ್ನು ಬೈಯುತ್ತಲೇ ಅವರೂ ಗಲ್ಲಾದಲ್ಲಿ ಊಟ ಮುಗಿಸಿದರು. ಬಟ್ಟಲಿನಲ್ಲಿ ಬೆರಳದ್ದಿದರು. ನನ್ನನ್ನೇ ದುರುಗುಟ್ಟಿ ನೋಡುತ್ತ ಬಟ್ಟಲೆತ್ತಿ ಸೀದಾ ಕುಂಡಕ್ಕೆ ಸುರಿದರು.

"ಇದೇ ಸಾಕ್ಷಿ," ಅಂದೆ.

ಮಣ್ಣು ಬದಲಿಸಿ ನರ್ಸರಿಗೆ ಬರುವಷ್ಟರಲ್ಲಿ ಮಾವನಿಗೆ ಫೋನು ಮುಟ್ಟಿತ್ತು: "ಗಿಡ ಇರಲಿ, ಆ ಹುಡುಗನನ್ನು ಮಾತ್ರ ಇನ್ನು ಹಸಿದಿರುವಾಗ ಕಳಿಸಬೇಡ."

ಎರಡಾಯಿತು.

೩. ಒಗಟು

ಇನ್ನೊಂದೇ ಒಂದು ಕಂಪ್ಲೇಂಟು ಬಂದರೆ ನಾನು ತಂಗಿಯ ಕೈಕೆಳಗೆ. ಅಂಥ ಹೊತ್ತಿನಲ್ಲೇ ಗೋರೆಗಾಂವಿನ ಒಂದು ಬಿಲ್ಡಿಂಗಿನಿಂದ ಸೆಕ್ರೆಟರಿ ಕಾಕಾನ ಫೋನು. ಕೆಳಗಿನ ಹಾಲ್‌ನಲ್ಲಿದ್ದ ನಮ್ಮ ರಬ್ಬರ್ ಗಿಡ ಒಂದೇ ದಿನದಲ್ಲಿ ಹಳದಿಯಾಗಿದೆಯಂತೆ.

ಹೋದರೆ ಇಡೀ ಕಮಿಟಿ ಗಿಡದ ಸುತ್ತ. ಬಿಎಸ್ಸಿ ಓದಿದ ಕಾಕಾ "ನೈಟ್ರೋಜನ್" ಅಂದರು. ಒಬ್ಬರು ಏಸಿ ಗಾಳಿ ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ಮಣ್ಣು ನೋಡಿದೆ, ಸರಿಯಿತ್ತು. ಎಲೆ ಮುಟ್ಟಿದೆ, ಬೆರಳೇ ಹಳದಿಯಾಯಿತು. ಅರಿಶಿನ! ಹಿಂದಿನ ದಿನ ಅದೇ ಹಾಲ್‌ನಲ್ಲಿ ಮೂರನೇ ಮಹಡಿಯ ಹುಡುಗಿಗೆ ಮದುವೆಯ ಅರಿಶಿನ ಹಚ್ಚಿದ್ದರು. ಒಬ್ಬರಿಗೊಬ್ಬರು ಬಳಿದಾಡಿ ಗಿಡಕ್ಕೂ ಬಳಿದು ಹೋಗಿದ್ದರು. ಒದ್ದೆ ಬಟ್ಟೆ ಇದ್ದರೆ ಎರಡು ನಿಮಿಷದ ಕೆಲಸ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಪಕ್ಕದವರಿಗೆ, "ಯೇ ನೌವೀ ಫೇಲ್ ಕ್ಯಾ ಬತಾಯೇಗಾ" ಅಂದರು, ಈ ಒಂಬತ್ತು ಫೇಲು ಏನು ಹೇಳ್ತಾನೆ ಅಂತ.

ಹೌದಾ? ಬಾಯಿ ಮುಚ್ಚಿದೆ. ಮುಖ ಗಂಭೀರ ಮಾಡಿಕೊಂಡು, "ಕಾಕಾ, ಕೇಸ್ ಸೀರಿಯಸ್. ಏಳು ದಿನದ ಟ್ರೀಟ್‌ಮೆಂಟ್. ದಿನಾ ಬೆಳಿಗ್ಗೆ ಕಮಿಟಿ ಸಾಲಾಗಿ ನಿಂತು ಗಿಡಕ್ಕೆ ಗುಡ್ ಮಾರ್ನಿಂಗ್ ಹೇಳಬೇಕು. ಮಿಕ್ಕಿದ್ದು ನನಗೆ ಬಿಡಿ" ಅಂದೆ.

ಹೇಳಿದರು! ಅವರು ಗುಡ್ ಮಾರ್ನಿಂಗ್ ಹೇಳುವುದು, ನಾನು ಗಿಡದ ಹಿಂದೆ ನಿಂತು ಎರಡೆಲೆ ಒರೆಸುವುದು. ಮೊದಲ ದಿನ ಚಪ್ಪಾಳೆ. ಎರಡನೇ ದಿನ ಕಾಕಾ ಕೈಮುಗಿದುಕೊಂಡೇ ನಿಂತಿದ್ದರು. ಏಳನೇ ದಿನ ಗಿಡ ಪೂರ್ತಿ ಹಸಿರಾಯಿತು. ಕಾಕಾ ನನಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, "ಬೇಟಾ, ನನ್ನ ಬಿಎಸ್ಸಿ ನೀನೇ ಇಟ್ಟುಕೋ" ಅಂದರು. ಮಾವ, ತಂದಿಟ್ಟಿದ್ದ ಶಾಲೆಯ ಫಾರ್ಮು ಹರಿದು ಹಾಕಿದ.

ಚೆನ್ನಾಗಿದೆಯಲ್ಲ? ಏಳನೇ ದಿನ, ಶಾಲು, ಎಲ್ಲ ನಾನೇ ಕಟ್ಟಿದ ಕಥೆ. ಮೂರನೇ ದಿನವೇ ಕಾಕಾನ ಮುದಿ ತಾಯಿ ಕೆಳಗಿಳಿದು ಬಂದು, ಸೆರಗಿನಲ್ಲಿ ಒಂದು ಎಲೆ ಒರೆಸಿ, ಮೂಸಿ, "ಅರೇ, ಹೀ ತರ್ ಹಳದ್!" ಅಂದುಬಿಟ್ಟಳು, ಇದು ಅರಿಶಿನ ಅಂತ. ಕಮಿಟಿ ಆಗಷ್ಟೇ ಗುಡ್ ಮಾರ್ನಿಂಗ್ ಹೇಳಿ ಮುಗಿಸಿತ್ತು. ಮೂರನೇ ಕಂಪ್ಲೇಂಟು ಅಲ್ಲಿಂದಲೇ ಹೋಯಿತು.

ಇದನ್ನು ಒಂಬತ್ತನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಾತಾಡಿದವರ ಪಟ್ಟಿಯಲ್ಲಿ ಮಾನಿಟರು ನನ್ನ ಹೆಸರನ್ನೇ ಮೊದಲು ಬರೆದಿದ್ದಾಳೆ, ನಾನು ಬಾಯಿ ತೆರೆಯುವ ಮೊದಲೇ. ಇರಲಿ. ಕಿಟಕಿಯಲ್ಲಿ ಅವಳದೊಂದು ಮನಿಪ್ಲಾಂಟ್ ಇದೆ, ಎಲೆ ಹಳದಿಯಾಗಿದೆ. ಟೀಚರು ಪುಸ್ತಕ ತೆರೆದು ನೋಡಿದರು, ಹೆಡ್ಮಾಸ್ತರು ಕನ್ನಡಕ ಹಾಕಿ ನೋಡಿದರು. ಬೆರಳಿಟ್ಟು ನೋಡಿದವನು ನಾನೊಬ್ಬನೇ.

"ಏನಾಗೇತಿ ಹೇಳೋ," ಅಂದಳು.

"ಎಲ್ಲಾರ ಮುಂದ 'ಅಣ್ಣಾ' ಅನ್ನು, ಹೇಳ್ತೀನಿ."

ಇಡೀ ಕ್ಲಾಸಿನ ಮುಂದೆ ಎದ್ದು ನಿಂತು, ಕೈಕಟ್ಟಿ, "ಅಣ್ಣಾ" ಅಂದಳು.

ಇದೂ ಕಟ್ಟಿದ್ದೇ. ಅವಳಿನ್ನೂ ಅಂದಿಲ್ಲ, ನಾನಿನ್ನೂ ಹೇಳಿಲ್ಲ. ನೋಡೋಣ, ಮೊದಲು ಎಲೆ ಉದುರುತ್ತದೋ, ಅವಳ ಸೊಕ್ಕೋ.