ಕಚ್ಚಿ ನೋಡಿ ತಂದ ಬ್ರೇಕು

"ಈ ಸಲ ಅತ್ತೆಯವರ ಕಣ್ಣಿನ ಆಪರೇಷನ್ನು ನನ್ನ ಜವಾಬ್ದಾರಿ. ಭೂಮಿ ತಲೆಕೆಳಗಾದರೂ ಸರಿ, ಭಾನುವಾರ ಹತ್ತು ಗಂಟೆಯೊಳಗೆ ಅವರನ್ನ ನನ್ನ ಜೀಪಲ್ಲೇ ಕ್ಯಾಂಪಿಗೆ ಮುಟ್ಟಿಸ್ತೀನಿ."

ಚಂದ್ರಯ್ಯಗೌಡರು ಎದೆಯುಬ್ಬಿಸಿ ಹೀಗೆಂದಾಗ ಅವರ ಹೆಂಡತಿ ಜಲಜಮ್ಮ ರೊಟ್ಟಿ ತಟ್ಟುತ್ತಿದ್ದರು. ತಲೆಯೆತ್ತದೆ ಹೇಳಿದರು: "ಮುಟ್ಟೋದು ಮುಟ್ತದೆ. ಅಲ್ಲಿ ಹೋಗಿ ನಿಲ್ತದಾ ಅಂತ ಕೇಳಿ."

ಮಾತು ಚುಚ್ಚಿತು. ಏಕೆಂದರೆ ನಿಜವಾಗಿತ್ತು. ಮಾಸ್ತಿಕಟ್ಟೆಯ ಒಬ್ಬ ಕಂಟ್ರಾಕ್ಟರು ಕಲ್ಲುಮಣ್ಣು ಹೊರಿಸಿ ಹಣ್ಣುಮಾಡಿದ್ದ ಆ ಜೀಪನ್ನು ಗೌಡರು ಎಂಬತ್ತೆರಡರ ದೀಪಾವಳಿಗೆ ಕೊಂಡು ತಂದಿದ್ದರು. ಬಣ್ಣ ಇತ್ತು, ಹಾರನ್ನು ಇತ್ತು, ಬ್ರೇಕು ಮಾತ್ರ ಇತ್ತೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ತಮ್ಮ ಮನೆ ಮುಂದೆ ನಿಲ್ಲಬೇಕಾದರೆ ಗೌಡರು ಪಕ್ಕದ ಮನೆಯಿಂದಲೇ ತುಳಿಯಲು ಶುರುಮಾಡಬೇಕಿತ್ತು.

ಆದರೆ ಅತ್ತೆ ಮೂಕಮ್ಮನವರ ವಿಷಯ ತಮಾಷೆಯದಲ್ಲ. ಹೊಸನಗರದಲ್ಲಿದ್ದ ಆ ಮುದುಕಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಮಗಳೋ ಕಂಬವೋ ತಿಳಿಯುತ್ತಿರಲಿಲ್ಲ. ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪು ವರ್ಷಕ್ಕೊಮ್ಮೆ. ಮೊದಲ ವರ್ಷ ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲದೆ ತಪ್ಪಿತು. ಮರುವರ್ಷ ಬಸ್ಸೇ ದಾರಿಯಲ್ಲಿ ಕೆಟ್ಟು, ಮುಟ್ಟುವ ಹೊತ್ತಿಗೆ ಹತ್ತು ಗಂಟೆ ಮೀರಿ ಹೆಸರು ಬರೆದುಕೊಳ್ಳುವುದು ಮುಗಿದಿತ್ತು. ಇನ್ನೂ ತಡಮಾಡಿದರೆ ಕಣ್ಣೇ ಹೋದೀತು ಎಂದು ಡಾಕ್ಟರು ಹೇಳಿದ್ದರು.

ಹಾಗಾಗಿ ಗೌಡರು ಜೀಪನ್ನು ತೀರ್ಥಹಳ್ಳಿಯ ಮೆಕ್ಯಾನಿಕ್ ಗಣೇಶಮೂರ್ತಿಯ ಶೆಡ್ಡಿನಲ್ಲಿ ಬಿಟ್ಟರು. ಅವನು ಚಕ್ರ ಬಿಚ್ಚಿ ನೋಡಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ಚಕ್ರದ ಡ್ರಮ್ಮನ್ನ ಒಳಗಿಂದ ಒತ್ತಿ ಹಿಡಿಯೋ ಲೈನರ್ ಪೂರ್ತಿ ಸವೆದು ಹೋಗಿದೆ ಗೌಡ್ರೆ. ಡ್ರಮ್ಮಲ್ಲಿ ಉಳುಮೆ ಮಾಡಿದ ಹಾಗೆ ಗೆರೆ ಬಿದ್ದಿದೆ. ನಾಲ್ಕು ಚಕ್ರಕ್ಕೂ ಲೈನರ್ ಬೇಕು, ಮುಂದಕ್ಕೆ ಎರಡು ಡ್ರಮ್ಮೂ ಬೇಕು. ಚೀಟಿ ಬರ್ಕೊಡ್ತೀನಿ, ಸಾಗರದ ಅಂಗಡೀಲಿ ತೋರಿಸಿ."

"ಚೀಟಿ ಯಾಕೆ? ನನಗೆ ಮಾಲು ನೋಡಿ ಗೊತ್ತಿಲ್ವಾ?" ಎಂದು ಗೌಡರು ಬಸ್ಸು ಹತ್ತಿದರು.

ಸಾಗರದ ಅಂಗಡಿಯ ಮಹಾಗಣಪತಿ ಹೆಗಡೆಯವರು ಎರಡು ತರದ ಲೈನರ್ ಮುಂದಿಟ್ಟರು. "ಇದು ಸ್ವಲ್ಪ ಮೆತ್ತಗೆ. ಬೇಗ ಸವೆಯುತ್ತದೆ, ಆದರೆ ಸದ್ದಿಲ್ಲದೆ ಹಿಡಿಯುತ್ತದೆ. ಇದು ಗಟ್ಟಿ, ಲಾರಿಯವರು ಒಯ್ಯುವುದು. ನಿಮ್ಮ ಜೀಪಿಗೆ ಎಂತಕ್ಕೆ ಗಟ್ಟಿದು? ಮೆತ್ತಗಿದ್ದದ್ದೇ ಸಾಕು."

ಚಂದ್ರಯ್ಯಗೌಡರು ಮೂವತ್ತು ವರ್ಷ ಅಡಿಕೆ ವ್ಯಾಪಾರ ಕಂಡವರು. ಮೂಟೆಗೆ ಕೈ ಹಾಕಿ, ಒಂದು ಅಡಿಕೆ ತೆಗೆದು, ಕಚ್ಚಿ ನೋಡಿ ಮಾಲಿನ ಜಾತಕ ಹೇಳುವವರು. ಮೆತ್ತಗಿನ ಅಡಿಕೆ ಅವರ ಪಾಲಿಗೆ ಹಸಿ ಮಾಲು, ಮೋಸದ ಮಾಲು. ಅಂಥವರಿಗೆ ಮೆತ್ತಗಿರುವುದನ್ನು ಕೊಳ್ಳಿ ಎನ್ನುವುದೆ? ಅವರು ಮೊದಲನೆಯ ಲೈನರನ್ನು ಎತ್ತಿ ಕಚ್ಚಿದರು. ಹಲ್ಲಿನ ಗುರುತು ಬಿತ್ತು. ಎರಡನೆಯದನ್ನು ಕಚ್ಚಿದರು. ದವಡೆ ಹಲ್ಲು ಅಲ್ಲಾಡಿತು.

"ಇದು ಮಾಲು," ಎಂದರು, ಕೆನ್ನೆ ಹಿಡಿದುಕೊಂಡು.

ಡ್ರಮ್ಮಿನ ಸರದಿ ಬಂದಾಗ ಗೌಡರು ಮಡಕೆ ಕೊಳ್ಳುವವರ ಹಾಗೆ ಒಂದೊಂದನ್ನೂ ಬೆರಳಲ್ಲಿ ಬಾರಿಸಿ, ಖಣ್ಣೆಂದ ಎರಡನ್ನು ಆರಿಸಿದರು. ಹೆಗಡೆಯವರು ಬಿಲ್ಲು ಬರೆದುಕೊಟ್ಟು ಕೈಮುಗಿದರು. ಅದು ಗೌರವಕ್ಕೆ ಮುಗಿದದ್ದಲ್ಲ.

ಗಣೇಶಮೂರ್ತಿ ಲೈನರ್ ನೋಡಿದವನೇ ಹಣೆ ಚಚ್ಚಿಕೊಂಡ. "ಇದು ಕಿರುಚ್ತದೆ ಗೌಡ್ರೆ. ಆದ್ರೆ ಹಿಡೀತದೆ. ಕಿರುಚಿದ್ರೆ ಕಿರುಚ್ಲಿ ಬಿಡಿ. ದಯವಿಟ್ಟು ಏನೂ ಮಾಡೋಕೆ ಹೋಗ್ಬೇಡಿ."

ಶನಿವಾರ ಗಂಡಹೆಂಡತಿ ಹೊಸನಗರಕ್ಕೆ ಹೊರಟರು. ಜೀಪು ಕಿರುಚಿತು ಎಂದರೆ ಸಾಲದು. ಮೊದಲ ತಿರುವಿನಲ್ಲಿ ಗೌಡರು ಬ್ರೇಕು ತುಳಿದಾಗ, ಗದ್ದೆಯಲ್ಲಿದ್ದ ಹೆಂಗಸರು ಹಂದಿ ಕೊಲ್ಲುತ್ತಿದ್ದಾರೆಂದು ತಿಳಿದು ಓಡಿಬಂದರು. ಊರೂರಿನ ನಾಯಿಗಳು ಗಡಿಯವರೆಗೆ ಬಂದು ಮುಂದಿನ ಊರಿನ ನಾಯಿಗಳಿಗೆ ಒಪ್ಪಿಸಿ ಹೋದವು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಕೇಳಿಯೇಬಿಟ್ಟ: "ಯಾರಿಗೆ ಏನಾಯ್ತು ಸ್ವಾಮಿ?"

ಗೌಡರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನಾಳೆ ಊರ ದೊಡ್ಡವರೆಲ್ಲ ಸೇರುವ ಕ್ಯಾಂಪಿಗೆ ಹೀಗೆ ಊಳಿಡುತ್ತ ಹೋಗುವುದೆ?

ಭಾನುವಾರ ಬೆಳಿಗ್ಗೆ ಅತ್ತೆಮನೆಯ ಗಾಡಿಕೊಟ್ಟಿಗೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಗೂಟಕ್ಕೆ ಬಿದಿರಿನ ಗೊಟ್ಟ ತೂಗುತ್ತಿತ್ತು. ಅದರ ತುಂಬ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿ, ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವ ಆ ಕಪ್ಪು ಲೇಹ್ಯ. ಎಷ್ಟೇ ಕಿರುಗುಟ್ಟುವ ಗಾಡಿಯಾದರೂ ಇದು ಬಿದ್ದರೆ ಬಾಯಿ ಮುಚ್ಚುತ್ತದೆ. ಗಾಡಿಗೆ ಆಗುವುದು ಜೀಪಿಗೆ ಯಾಕಾಗಬಾರದು? ಎರಡಕ್ಕೂ ಇರುವುದು ಚಕ್ರವೇ ತಾನೆ?

ಗಣೇಶಮೂರ್ತಿ ಬಿಚ್ಚುವಾಗ ನೋಡಿದ್ದ ಗೌಡರು ನಾಲ್ಕೂ ಚಕ್ರ ಕಳಚಿ, ಡ್ರಮ್ಮು ಎಳೆದು, ಕೂಸಿಗೆ ಎಣ್ಣೆ ಹಚ್ಚುವಷ್ಟು ಪ್ರೀತಿಯಿಂದ ಲೈನರಿಗೆ ಕೀಲೆಣ್ಣೆ ಬಳಿದರು. ಅಂಗಳದಲ್ಲಿ ಜೀಪು ಮುಂದಕ್ಕೆ ಹಿಂದಕ್ಕೆ ಮಾಡಿ ನೋಡಿದರು. ಸದ್ದೇ ಇಲ್ಲ. ಅಂಗಳ ಸಮತಟ್ಟು, ಜೀಪು ತಾನಾಗಿಯೇ ನಿಲ್ಲುತ್ತಿತ್ತು ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಎಂಟು ಗಂಟೆಗೆ ಹೊರಟರು. ಮೂಕಮ್ಮ ಮುಂದಿನ ಸೀಟಿನಲ್ಲಿ, ಜಲಜಮ್ಮ ಹಿಂದೆ.

ಮೊದಲ ಇಳಿಜಾರಿನಲ್ಲಿ ಗೌಡರು ಮೆಲ್ಲಗೆ ಬ್ರೇಕು ತುಳಿದರು. ಜೀಪು ಕೇಳಿಸಿಕೊಳ್ಳಲಿಲ್ಲ. ಜೋರಾಗಿ ತುಳಿದರು. ಜೀಪು ಬೆಣ್ಣೆಯ ಮೇಲೆ ಬಿಟ್ಟ ಹಾಗೆ ಜಾರಿಕೊಂಡು ಹೋಯಿತು. ಹ್ಯಾಂಡ್‌ಬ್ರೇಕು ಎಳೆದರು. ಅದರಲ್ಲಿ ಹಿಡಿಯೊಂದೇ ಇದ್ದದ್ದು ಆಗ ನೆನಪಾಯಿತು. ಕೊನೆಗೆ ಎರಡನೇ ಗೇರಿಗೆ ತಂದಾಗ ಜೀಪು ಹುಲಿಯಂತೆ ಗರ್ಜಿಸಿ ಸ್ವಲ್ಪ ತಗ್ಗಿತು.

ತಿರುಗಿ ಹೋಗೋಣವೆಂದರೆ ತಿರುಗಿಸಲು ನಿಲ್ಲಬೇಕಲ್ಲ. ಏರಿನಲ್ಲಿ ನಿಲ್ಲಿಸೋಣವೆಂದರೆ ಹಿಂದಕ್ಕೆ ಜಾರಿದರೆ ಹಳ್ಳ. ಅಷ್ಟೂ ಸಾಲದೆಂಬಂತೆ, ನಿಂತರೆ ಹತ್ತು ಗಂಟೆ ಮೀರುತ್ತದೆ, ಮುದುಕಿಯ ಕಣ್ಣು ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ ಎಂದು ಗೌಡರಿಗೆ ಆ ದಿನ ಅರ್ಥವಾಯಿತು.

"ಅಳಿಯಂದ್ರೆ, ಎಲ್ಲಾದ್ರೂ ಒಂದ್ ಗಳಿಗೆ ನಿಲ್ಸಿ. ಎಲೆ ಉಗೀಬೇಕು," ಎಂದರು ಮೂಕಮ್ಮ.

"ಹೊತ್ತಾಗ್ತದೆ ಅತ್ತೆ. ಹಾಗೇ ಹೊರಗೆ ಉಗೀರಿ."

ಹಿಂದಿನಿಂದ ಜಲಜಮ್ಮ ಬಗ್ಗಿದರು. "ಯಾಕ್ರೀ, ಅಮ್ಮ ಕೇಳಿದ್ರೆ ನಿಲ್ಸಬಾರ್ದಾ?"

ಗೌಡರು ಪಿಸುಗುಟ್ಟಿದರು: "ಬ್ರೇಕಿಲ್ಲ."

"ಏನಿಲ್ಲ?"

"ಬ್ರೇಕು. ಕೀಲೆಣ್ಣೆ ಹಚ್ಚಿದ್ದೆ."

ಜಲಜಮ್ಮ ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಕಿವಿಯ ಹತ್ತಿರ ಬಂದು ಹೇಳಿದರು: "ಅಷ್ಟು ಕಚ್ಚಿ ನೋಡಿ ತಂದ್ರಲ್ಲ. ಈಗ ಅದು ಕಚ್ಚಲ್ವಂತಾ?"

ಮುಂದಿನದನ್ನು ಗೌಡರು ಎಂದೂ ಪೂರ್ತಿ ಹೇಳಿದವರಲ್ಲ. ಒಂದು ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಹಾರನ್ನು ಕೇಳಿ ಎಮ್ಮೆ ಸರಿದದ್ದನ್ನು ಭೂಲೋಕ ಮೊದಲ ಸಲ ಕಂಡಿತು. ಎದುರು ಬಂದ ಬಸ್ಸಿನ ಡ್ರೈವರು ಗೌಡರ ಮುಖ ನೋಡಿಯೇ ಪೂರಾ ಎಡಕ್ಕೆ ಒತ್ತಿದ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಜೀಪು ಹೈಸ್ಕೂಲಿನ ಗೇಟು ಹೊಕ್ಕಿತು. ಹೊಕ್ಕಿತು, ನಿಲ್ಲಲಿಲ್ಲ. ಕ್ಯಾಂಪಿನ ಚಪ್ಪರ ದಾಟಿತು. ಸಾಲಿನಲ್ಲಿ ಕೂತ ಮುದುಕ ಮುದುಕಿಯರನ್ನು ದಾಟಿತು. ಗೌಡರು ಆಟದ ಬಯಲಿನಲ್ಲಿ ಮೂರು ಪ್ರದಕ್ಷಿಣೆ ಬಂದರು. ಸ್ವಾಗತಕ್ಕೆ ನಿಂತಿದ್ದ ಹೆಡ್‌ಮಾಸ್ತರರು ಮೊದಲ ಸುತ್ತಿಗೆ ಕೈಮುಗಿದರು, ಎರಡನೆಯ ಸುತ್ತಿಗೆ ನಕ್ಕರು, ಮೂರನೆಯದಕ್ಕೆ ಚಪ್ಪರದ ಹಿಂದೆ ಸರಿದರು. ಕಡೆಗೆ ಗೌಡರು ಎಂಜಿನ್ ಆರಿಸಿ, ಕಣ್ಣು ಮುಚ್ಚಿ, ಲಾಂಗ್‌ಜಂಪಿನ ಮರಳುಗುಂಡಿಗೆ ಜೀಪು ನುಗ್ಗಿಸಿದರು. ಚಕ್ರ ಅರ್ಧ ಹೂತು ನಿಂತಿತು.

"ಬಂತಾ?" ಎಂದರು ಮೂಕಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಎಷ್ಟು ಸುಖವಾಗಿ ಬಂತು. ಬಸ್ಸಾದ್ರೆ ಇಪ್ಪತ್ತು ಕಡೆ ನಿಲ್ತದೆ. ಅಳಿಯಂದ್ರು ಒಂದ್ಕಡೆನೂ ನಿಲ್ಸಿಲ್ಲ."

ಹೆಸರು ಬರೆಸಿಯಾಯಿತು. ಆ ದಿನದ ಕೊನೆಯ ಹೆಸರು ಅವರದೇ. ಜಲಜಮ್ಮ ತಾಯಿಯನ್ನು ಒಳಗೆ ಕರೆದೊಯ್ದ ಮೇಲೆ ಗೌಡರು ಮರಳಿನಲ್ಲಿ ಕೂತುಬಿಟ್ಟರು. ಕಣ್ಣು ಕೊಡಿಸಲು ಹೊರಟವನು ಜೀವವನ್ನೇ ತೆಗೆದುಬಿಡುತ್ತಿದ್ದೆನಲ್ಲ ಎನಿಸಿ, ಯಾರೂ ನೋಡದ ಹಾಗೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಜೀಪನ್ನು ಶೆಡ್ಡಿಗೆ ಎಳೆಸಿ ತಂದ ಮೇಲೆ ಡ್ರಮ್ಮು ಬಿಚ್ಚಿದ ಗಣೇಶಮೂರ್ತಿ ಬಹಳ ಹೊತ್ತು ಒಳಗೆ ನೋಡಿದ. "ಗೌಡ್ರೆ, ಗಾಡಿ ಕೀಲಿಗೆ ಎಣ್ಣೆ ಹಾಕೋದು ಅದು ತಿರುಗ್ಲಿ ಅಂತ. ಇದನ್ನ ಇಟ್ಟಿರೋದು ತಿರುಗೋದು ನಿಲ್ಲಲಿ ಅಂತ." ಗೌಡರು ಸಾಗರಕ್ಕೆ ಹೋಗಿ, ಈ ಸಲ ಚೀಟಿ ತೋರಿಸಿ, ಬಾಯಿ ಬಿಗಿಹಿಡಿದು ಮೆತ್ತಗಿನ ಲೈನರ್ ತಂದರು.

ಏಳನೆಯ ದಿನ ಮೂಕಮ್ಮನವರ ಕಣ್ಣಿನ ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಕೊಟ್ಟು ಮನೆಗೆ ಕಳಿಸಿದರು. ಗೌಡರು ಚಪ್ಪರದ ಮುಂದೆ ಜೀಪು ತಂದು, ಎಲ್ಲರೂ ನೋಡುವ ಹಾಗೆ, ಸದ್ದಿಲ್ಲದೆ, ಗೆರೆ ಎಳೆದಂತೆ ನಿಲ್ಲಿಸಿದರು. ಹೆಮ್ಮೆಯಿಂದ ಇಳಿದು, "ಹತ್ತಿ ಅತ್ತೆ," ಎಂದರು.

ಮೂಕಮ್ಮ ಮಗಳನ್ನು ನೋಡಿದರು, ಕಣ್ಣು ತುಂಬಿಕೊಂಡರು. ಆಮೇಲೆ ಜೀಪನ್ನು ನೋಡಿದರು. ಒಂದು ಸುತ್ತು ಬಂದರು. ಬಾಗಿಲಿಗೆ ಕಟ್ಟಿದ್ದ ಹಗ್ಗ ಮುಟ್ಟಿದರು. ಕಾಲಡಿಯ ತೂತಿನಿಂದ ನೆಲ ಕಾಣುತ್ತಿದ್ದುದನ್ನು ಬಗ್ಗಿ ನೋಡಿದರು. ಕೊನೆಗೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅವತ್ತು ಇದ್ರಲ್ಲೇ ಬಂದದ್ದಾ ನಾನು?"

"ಹೌದು ಅತ್ತೆ."

ಮೂಕಮ್ಮ ಕನ್ನಡಕ ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೆ. ಕಣ್ಣಿಲ್ದಾಗ ದೇವರೇ ನೋಡ್ಕೊಂಡ. ಈಗ ಕಣ್ಣು ಬಂದಿದೆ, ನಾನೇ ನೋಡ್ಕೋಬೇಕಲ್ಲ."