ಅಪ್ಪನ ವಂಶಪಾರಂಪರ್ಯದ ದಮ್ಮು

೧೯೫೭ರ ಮಳೆಗಾಲದಲ್ಲಿ ಫ್ಲೂ ಜ್ವರ ಚಿಕ್ಕಬಳ್ಳಾಪುರಕ್ಕೂ ಬಂತು. ಗೌರಿಬಿದನೂರಿಗೆ ಓಡಾಡುತ್ತಿದ್ದ ಖಾಸಗಿ ಬಸ್ಸೊಂದರ ಮಾಲೀಕರು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದವರನ್ನು ಹತ್ತಿಸಕೂಡದೆಂದು ಕಂಡಕ್ಟರಿಗೆ ತಾಕೀತು ಮಾಡಿದರು. ಉಸಿರಾಟದ ಕಾಯಿಲೆಯವರಿಗೆ ಮಾತ್ರ ವಿನಾಯಿತಿ. ನಮ್ಮ ಸೀಮೆಯಲ್ಲಿ ಇಷ್ಟು ಜನಕ್ಕೆ ದಮ್ಮು ಇದೆಯೆಂಬುದು, ಪತ್ರಿಕೆಗೆ ಸುದ್ದಿ ಬರೆಯುವ ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಮ್ಮ ಅಪ್ಪನ ತೊಂದರೆ ಬೇರೆ. ಅವರಿಗೆ ನಶ್ಯ ಬೇಕು. ಒಮ್ಮೆ ಮರೆತು ಬಟ್ಟೆಯ ಮೇಲೆಯೇ ಏರಿಸಿಬಿಟ್ಟರು. ಆ ಬಟ್ಟೆಯನ್ನು ಒಗೆಯಲು ಅಮ್ಮ ಒಪ್ಪಲಿಲ್ಲ. ಆದ್ದರಿಂದ, ಗೌರಿಬಿದನೂರಿನ ನೆಂಟರ ಮನೆಯಿಂದ ಅಪ್ಪನೂ ನಾನೂ ಹಿಂದಿರುಗುವ ದಿನ ಅವರು ಬರಿಮೂಗಿನಲ್ಲೇ ಬಸ್ಸು ಹತ್ತಿದರು.

"ಬಟ್ಟೆ ಎಲ್ಲಿ ಸ್ವಾಮಿ?" ಎಂದ ಕಂಡಕ್ಟರ್.

"ದಮ್ಮು ಕಣಪ್ಪ."

"ನಿಮಗೂನಾ? ಬಾಗಿಲಲ್ಲಿ ನೇತಾಡ್ತಾವ್ನಲ್ಲ, ಆ ಪೈಲ್ವಾನನಿಗೂ ದಮ್ಮಂತೆ!"

ಬಸ್ಸೆಲ್ಲ ನಕ್ಕಿತು. ಅಪ್ಪನಿಗೆ ರೋಷ ಬಂತು. "ನಂದು ಅಂಥದ್ದಲ್ಲಯ್ಯ. ವಂಶದಲ್ಲೇ ಬಂದದ್ದು. ನಮ್ಮಪ್ಪಂಗಿತ್ತು, ನಮ್ಮ ತಾತಂಗಿತ್ತು. ನಾಳೆ ನಮ್ಮ ಮಕ್ಕಳಿಗೂ ತಪ್ಪಿದ್ದಲ್ಲ!"

ಮುಂದಿನ ಸೀಟಿನಲ್ಲಿ ಕಣ್ಣಷ್ಟೇ ಕಾಣುವಂತೆ ವಲ್ಲಿ ಸುತ್ತಿಕೊಂಡಿದ್ದವರೊಬ್ಬರು ತಿರುಗಿ ನೋಡಿದರು. ಚಿಕ್ಕಬಳ್ಳಾಪುರದಲ್ಲಿ ಇಳಿದು ವಲ್ಲಿ ಬಿಚ್ಚಿದರು. ನನ್ನ ತಂಗಿ ಪದ್ಮಳನ್ನು ನೋಡಿ ಒಪ್ಪಿಹೋಗಿದ್ದ ಹುಡುಗನ ಸೋದರಮಾವ! ಲಗ್ನ ಗೊತ್ತುಮಾಡಲು ನಮ್ಮ ಮನೆಗೇ ಹೊರಟಿದ್ದರು.

ಮನೆಯಲ್ಲಿ ಅವರು ಕಾಫಿ ಮುಟ್ಟಲಿಲ್ಲ. "ಹುಡುಗಿ ಮೇಲೆ ನಮಗೇನೂ ಇಲ್ಲ. ಆದ್ರೆ ವಂಶದ ಕಾಯಿಲೆ ಅಂತ ನೀವೇ ಬಸ್ಸಲ್ಲಿ ಸಾರಿದ್ರಲ್ಲ."

"ಅದು ನಶ್ಯಕ್ಕೋಸ್ಕರ ಹೇಳಿದ್ದು ಭಾವ."

"ಈಗ ಹೇಳ್ತಿರೋದು ಯಾತಕ್ಕೋಸ್ಕರ ಅಂತ ನಾನೆಂಗೆ ನಂಬಲಿ?"

ಅಮ್ಮ ಅಪ್ಪನನ್ನು ನೋಡಿದ ನೋಟವನ್ನು ವರದಿ ಮಾಡುವುದು ಕಷ್ಟ. ಅಪ್ಪ ಎದ್ದು ಪಂಚೆ ಎತ್ತಿಕಟ್ಟಿದರು. "ನಡೀರಿ, ಕಳವಾರದ ಬೆಟ್ಟ ಹತ್ತಿ ತೋರಿಸ್ತೀನಿ. ನಾನು ಏದುಸಿರು ಬಿಟ್ರೆ ಸಂಬಂಧ ಬೇಡ."

ಅಡುಗೆಮನೆಯ ಬಾಗಿಲ ಮರೆಯಿಂದ ಪದ್ಮಳ ದನಿ ಕೇಳಿತು: "ಮೆಲ್ಲಗೆ ಹತ್ತಪ್ಪ." ಹುಡುಗ ಅವಳಿಗೆ ಎಷ್ಟು ಹಿಡಿಸಿದ್ದಾನೆಂಬುದು ನಮಗೆಲ್ಲ ತಿಳಿದದ್ದು ಆಗಲೇ.

ಮಾರನೆಯ ಬೆಳಿಗ್ಗೆ ಅಪ್ಪ, ಹುಡುಗನ ಮಾವನವರು, ನಾನು, ಮೂವರೂ ಹೊರಟೆವು. ನಾನು ಸಾಕ್ಷಿ. ಅಪ್ಪನಿಗೆ ಅರವತ್ತು ಹತ್ತಿರವಾಗಿತ್ತು. ಅವರು ಎಲ್ಲಾದರೂ ನಿಂತಾರೆಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ನಿಲ್ಲಲಿಲ್ಲ. ಮೇಲಿನ ಕೋಟೆಗೋಡೆಯ ಹತ್ತಿರ ಬಂಡೆಯೊಂದರ ಮೇಲೆ ಕೂತು, ಡಬ್ಬಿ ತೆಗೆದು, ಎರಡೂ ಹೊಳ್ಳೆಗೆ ನಶ್ಯ ಏರಿಸಿ, ಇಡೀ ಬೆಟ್ಟಕ್ಕೆ ಕೇಳುವಂತೆ ಸೀನಿದರು. ಮಾವನವರು ಅವರ ಬೆನ್ನಿಗೆ ಕಿವಿಯಿಟ್ಟು ಆಲಿಸಿ, "ಎದೆ ಗಂಟೆ ಇದ್ದಂಗೈತೆ! ನಂಗೂ ಒಂದು ಚಿಟಿಕೆ ಕೊಡಿ ಭಾವ," ಎಂದರು.

ಅರ್ಧ ಬೆಟ್ಟದಲ್ಲಿ ಮರಕ್ಕೆ ಒರಗಿ ನಿಂತಿದ್ದ ನನಗೆ ಆ ಸೀನಷ್ಟೇ ಕೇಳಿಸಿತ್ತು. ಉಳಿದದ್ದು ಅಪ್ಪ ಆಮೇಲೆ ಹೇಳಿದ್ದು. ಇಳಿದು ಬಂದ ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ತಾತಂದು ಇವ್ನಿಗೆ ಬಂದೈತೆ," ಎಂದರು.

ಪದ್ಮಳ ಮದುವೆ ಆಯಿತು. ಮುಂದೆ ನನಗೆ ಹೆಣ್ಣು ಕೊಡಲು ಚಿಂತಾಮಣಿಯಿಂದ ಬಂದವರು, ಕಾಫಿಗೆ ಮೊದಲು ಬೆಟ್ಟದ ದಾರಿ ಕೇಳಿದರು.